ಶವಕ್ಕೆ ಕೊಳ್ಳಿ ಇಟ್ಟವರು ಯಾರು? – ‘ಸಂಸ್ಕಾರ’ವನ್ನು ಮತ್ತೆ ಓದಿದಾಗ

(ನಮ್ಮ ಸಂಘದ ಸಂಸ್ಥಾಪನಾ ದಿನಾಚರಣೆಯ ಸಾಹಿತ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)

ಪಕ್ಕದ ಹಾಲಿನಿಂದ ಬಿಸಿಬೇಳೆ ಭಾತಿನ ವಾಸನೆ ಬರುತ್ತಿದ್ದರೂ ಕುರ್ಚಿ ಬಿಡದೆ ಕುಳಿತಿರುವ ಕನ್ನಡ ಬಂಧುಗಳೇ,

ಮೊದಲೇ ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಸಾಹಿತಿಯಲ್ಲ, ವಿಮರ್ಶಕನಂತೂ ಅಲ್ಲವೇ ಅಲ್ಲ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದಿ, ಈ ದೇಶಕ್ಕೆ ಬಂದು ರೆಸಿಡೆನ್ಸಿ ಮುಗಿಸಿ, ಈಗ ಹಲವು ವರ್ಷಗಳಿಂದ ಬೇ ಏರಿಯಾದ ಆಸ್ಪತ್ರೆಯೊಂದರಲ್ಲಿ ರೋಗಿಗಳ ನಾಡಿ ಹಿಡಿಯುತ್ತಿರುವವನು. ಸಮಿತಿಯವರು ಫೋನ್ ಮಾಡಿ, “ಡಾಕ್ಟ್ರೇ, ಈ ಸಲ ನೀವೇ ಸಾಹಿತ್ಯದ ಬಗ್ಗೆ ಮಾತನಾಡಬೇಕು” ಎಂದಾಗ, ಸಕ್ಕರೆ ಕಾಯಿಲೆಯ ಬಗ್ಗೆ ಮಾತನಾಡಲೇ ಎಂದು ಕೇಳಿದೆ. “ಬೇಡ, ಅದನ್ನು ಹೋದ ವರ್ಷ ಮಾಡಿದ್ದೀರಿ, ಆಮೇಲೆ ಯಾರೂ ಹೋಳಿಗೆ ಮುಟ್ಟಲಿಲ್ಲ” ಎಂದರು. ಹೀಗಾಗಿ ನಿಮ್ಮ ಮುಂದೆ ನಿಂತಿದ್ದೇನೆ.

ನಾನು ಹೇಳಹೊರಟಿರುವುದು ನಮಗೆಲ್ಲ ಗೊತ್ತಿರುವ, ಗೊತ್ತಿದೆ ಎಂದು ನಾವು ಅಂದುಕೊಂಡಿರುವ ಒಂದು ಕನ್ನಡ ಕಾದಂಬರಿಯ ಬಗ್ಗೆ. ಆದರೆ ಅದಕ್ಕೆ ನನ್ನನ್ನು ಮತ್ತೆ ಕರೆದುಕೊಂಡು ಹೋದದ್ದು ಅರ್ಜೆಂಟೀನಾ ದೇಶದ ಇನ್ನೊಂದು ಕಾದಂಬರಿ. ಆದ್ದರಿಂದ ಸ್ವಲ್ಪ ಸುತ್ತು ದಾರಿಯಲ್ಲಿ ಹೋಗುತ್ತೇನೆ, ಕ್ಷಮಿಸಬೇಕು.

ನಮ್ಮ ಆಸ್ಪತ್ರೆಯಲ್ಲಿ ಬ್ಯೂನಸ್ ಐರಿಸ್‌ನಿಂದ ಬಂದ ಹಿರಿಯ ನರ್ಸ್ ಒಬ್ಬರಿದ್ದರು. ರಾತ್ರಿ ಪಾಳಿಯಲ್ಲಿ ಬಿಡುವು ಸಿಕ್ಕಾಗ ಸದಾ ಏನಾದರೂ ಓದುತ್ತಿದ್ದರು. ನಿವೃತ್ತರಾಗುವ ದಿನ ನನ್ನ ಕೈಗೆ ಒಂದು ತೆಳ್ಳನೆಯ ಪುಸ್ತಕ ಕೊಟ್ಟರು. ಎರ್ನೆಸ್ಟೋ ಸಬಾಟೋ ಎಂಬಾತ ಬರೆದ ಕಾದಂಬರಿಯ ಇಂಗ್ಲಿಷ್ ಅನುವಾದ. ಹೆಸರು ‘ಸುರಂಗ’.

ಈ ಸಬಾಟೋನ ಕಥೆ ಇಲ್ಲಿ ಕುಳಿತಿರುವ ಇಂಜಿನಿಯರುಗಳಿಗೂ ವಿಜ್ಞಾನಿಗಳಿಗೂ ಇಷ್ಟವಾಗಬಹುದು. 1911ರಲ್ಲಿ ಹುಟ್ಟಿದ ಆತ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು. ಪ್ಯಾರಿಸ್ಸಿನ ಕ್ಯೂರಿ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿ, ಆಮೇಲೆ ಈ ದೇಶದ ಎಂ.ಐ.ಟಿ.ಗೂ ಬಂದುಹೋದವನು. ಅಂಥವನು 1940ರ ದಶಕದಲ್ಲಿ ವಿಜ್ಞಾನವನ್ನೇ ಬಿಟ್ಟು ಬರವಣಿಗೆಗೆ ಕುಳಿತ. ನಮ್ಮ ಮಕ್ಕಳು ಯಾರಾದರೂ ಹಾಗೆ ಮಾಡಿದ್ದರೆ ನಾವು ಏನೇನು ಹೇಳುತ್ತಿದ್ದೆವೋ! ‘ಸುರಂಗ’ವನ್ನು ಪ್ರಕಾಶಕರು ಮೊದಲು ತಿರಸ್ಕರಿಸಿದರು. 1948ರಲ್ಲಿ ಅದು ಹೇಗೋ ಪ್ರಕಟವಾಯಿತು. ಫ್ರಾನ್ಸಿನ ಆಲ್ಬೇರ್ ಕಮೂ ಅದನ್ನು ಮೆಚ್ಚಿ ಫ್ರೆಂಚಿನಲ್ಲಿ ಬರುವಂತೆ ಮಾಡಿದ. ಸಬಾಟೋ ಬರೆದದ್ದು ಒಟ್ಟು ಮೂರೇ ಕಾದಂಬರಿ. ನೂರು ತುಂಬಲು ಕೆಲವೇ ವಾರಗಳಿದ್ದಾಗ, 2011ರಲ್ಲಿ ತೀರಿಕೊಂಡ.

‘ಸುರಂಗ’ದ ಕಥೆ ಹೇಳುವವನು ಕಾಸ್ಟೆಲ್ ಎಂಬ ಚಿತ್ರಕಾರ. ತಾನು ಒಬ್ಬ ಹೆಂಗಸನ್ನು ಕೊಂದವನು ಎಂದು ಮೊದಲೇ ಹೇಳಿಬಿಡುತ್ತಾನೆ. ಅವನ ಒಂದು ಚಿತ್ರದಲ್ಲಿ ಮುಂಭಾಗದಲ್ಲಿ ದೊಡ್ಡದಾಗಿ ತಾಯಿ ಮತ್ತು ಮಗು. ಮೇಲಿನ ಮೂಲೆಯಲ್ಲಿ ಒಂದು ಪುಟ್ಟ ಕಿಟಕಿ, ಕಿಟಕಿಯಾಚೆ ಸಮುದ್ರ ತೀರ, ಅಲ್ಲಿ ಒಂಟಿಯಾಗಿ ನಿಂತ ಒಬ್ಬಳು. ಪ್ರದರ್ಶನಕ್ಕೆ ಬಂದವರೆಲ್ಲ ತಾಯಿ-ಮಗುವನ್ನು ನೋಡಿ ಹೋಗುತ್ತಾರೆ, ವಿಮರ್ಶಕರೂ ಅಷ್ಟೇ. ಮಾರಿಯಾ ಎಂಬವಳು ಮಾತ್ರ ಆ ಮೂಲೆಯ ಕಿಟಕಿಯನ್ನೇ ನೋಡುತ್ತಾ ನಿಲ್ಲುತ್ತಾಳೆ. ತನ್ನನ್ನು ಅರ್ಥ ಮಾಡಿಕೊಂಡವಳು ಜಗತ್ತಿನಲ್ಲಿ ಇವಳೊಬ್ಬಳೇ ಎಂದು ಆತ ಅವಳ ಬೆನ್ನು ಹತ್ತುತ್ತಾನೆ. ಮುಂದಿನದೆಲ್ಲ ಅನುಮಾನ, ಹುಚ್ಚು, ಕೊಲೆ.

ಪುಸ್ತಕ ಮುಗಿಸಿ ನರ್ಸಮ್ಮನಿಗೆ ಫೋನ್ ಮಾಡಿದೆ. “ವೈದ್ಯನಾಗಿ ಓದಿದರೆ ಇದು ಒಬ್ಬ ಮನೋರೋಗಿಯ ಕೇಸ್ ಹಿಸ್ಟರಿ” ಎಂದೆ. ಅವರು ನಕ್ಕು, “ಓದಿದ ಗಂಡಸರೆಲ್ಲ ಕಾಸ್ಟೆಲ್‌ನ ಬಗ್ಗೆಯೇ ಮಾತನಾಡುತ್ತಾರೆ. ಕಿಟಕಿಯಲ್ಲಿ ನಿಂತವಳು ಏನು ನೋಡುತ್ತಿದ್ದಳು ಎಂದು ಇದುವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ” ಎಂದರು. ಆ ಮಾತು ನನ್ನ ತಲೆಯಲ್ಲಿ ಹಾಗೇ ಉಳಿಯಿತು.

ಅದಾಗಿ ಸ್ವಲ್ಪ ದಿನಗಳಲ್ಲೇ, ಫ್ರೀಮಾಂಟಿನ ಸ್ನೇಹಿತರ ಮನೆಯಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಪುಸ್ತಕದ ಗುಂಪಿನಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ಸರದಿ ಬಂತು. ಸಬಾಟೋನನ್ನು ಅಸ್ತಿತ್ವವಾದಿ ಎನ್ನುತ್ತಾರೆ. ಕನ್ನಡದಲ್ಲಿ ಆ ಮಾತು ಬಂದ ಕೂಡಲೇ ನೆನಪಾಗುವ ನವ್ಯದ ಕಾದಂಬರಿಗಳಲ್ಲಿ ‘ಸಂಸ್ಕಾರ’ ಮುಂದೆ ನಿಲ್ಲುತ್ತದೆ. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ 1961ರಲ್ಲಿ ಬಂತು, ‘ಸಂಸ್ಕಾರ’ 1965ರಲ್ಲಿ, ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ. ಚಿತ್ತಾಲರೂ ಸಬಾಟೋನ ಹಾಗೆ ವಿಜ್ಞಾನ ಓದಿದವರು, ಮುಂಬಯಿಯ ಕಂಪನಿಯೊಂದರಲ್ಲಿ ರಾಸಾಯನಿಕ ತಂತ್ರಜ್ಞರಾಗಿದ್ದವರು. ಅವರ ಬಗ್ಗೆ ಇನ್ನೊಮ್ಮೆ ಮಾತನಾಡಬಹುದು.

ಅಸ್ತಿತ್ವವಾದ ಎಂದರೇನು ಎಂದು ದೊಡ್ಡ ದೊಡ್ಡವರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ. ನನಗೆ ಅರ್ಥವಾದದ್ದು ಇಷ್ಟು. ರೆಸಿಡೆನ್ಸಿಯ ದಿನಗಳಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ರೋಗಿಯೊಬ್ಬರು ಕುಸಿಯುತ್ತಿರುತ್ತಾರೆ. ಹ್ಯಾರಿಸನ್ ಪುಸ್ತಕ ತಿರುವುತ್ತೀರಿ, ಗೈಡ್‌ಲೈನ್ ನೋಡುತ್ತೀರಿ. ಈ ರೋಗಿಗೆ ಸರಿಯಾಗಿ ಹೊಂದುವ ಉತ್ತರ ಎಲ್ಲೂ ಇಲ್ಲ. ಹಿರಿಯ ಡಾಕ್ಟರು ಫೋನ್ ಎತ್ತುತ್ತಿಲ್ಲ. ಏನೋ ಒಂದನ್ನು ನೀವು ಮಾಡಲೇಬೇಕು. ಏನೂ ಮಾಡದಿದ್ದರೆ ಅದೂ ಒಂದು ತೀರ್ಮಾನವೇ. ಮಾಡಿದ ಮೇಲೆ ಅದರ ಹೊಣೆ ಪುಸ್ತಕದ್ದಲ್ಲ, ನಿಮ್ಮದು. ಆ ಮೂರು ಗಂಟೆಯ ಹೊತ್ತಿಗೆ ಅಸ್ತಿತ್ವವಾದ ಎಂದು ಹೆಸರಿಡಬಹುದೆಂದು ನನ್ನ ಅಂದಾಜು.

ದೂರ್ವಾಸಪುರದ ಅಗ್ರಹಾರದಲ್ಲಿ ಪ್ರಾಣೇಶಾಚಾರ್ಯರಿಗೆ ಬಂದದ್ದೂ ಅದೇ ಹೊತ್ತು. ಕಾಶಿಯಲ್ಲಿ ಓದಿ ಬಂದ ಪಂಡಿತರು, ಕಾಯಿಲೆಯ ಹೆಂಡತಿ ಭಾಗೀರಥಿಯ ಸೇವೆಯನ್ನೇ ವ್ರತ ಮಾಡಿಕೊಂಡವರು. ಅದೇ ಅಗ್ರಹಾರದ ನಾರಣಪ್ಪ ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ಮಾಂಸ ತಿಂದವನು, ಕುಂದಾಪುರದ ಚಂದ್ರಿಯನ್ನು ಮನೆಯಲ್ಲಿ ಇಟ್ಟುಕೊಂಡವನು. ಶಿವಮೊಗ್ಗೆಗೆ ಹೋಗಿಬಂದು, ಜ್ವರ ಬಂದು ಸಾಯುತ್ತಾನೆ. ಅವನಿಗೆ ಮಕ್ಕಳಿಲ್ಲ. ಅವನ ಶವಸಂಸ್ಕಾರ ಮಾಡಬೇಕಾದವರು ಯಾರು? ಅದು ತೀರ್ಮಾನವಾಗುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಆಚಾರ್ಯರು ಗ್ರಂಥ ತಿರುವುತ್ತಾರೆ, ಉತ್ತರವಿಲ್ಲ. ಮಾರುತಿಯ ಗುಡಿಗೆ ಹೋಗಿ ಪ್ರಸಾದ ಕೇಳುತ್ತಾರೆ, ದೇವರು ಎಡಕ್ಕೂ ಬಲಕ್ಕೂ ಹೂವು ಕೊಡುವುದಿಲ್ಲ. ಅದೇ ರಾತ್ರಿ ಕಾಡಿನಲ್ಲಿ ಚಂದ್ರಿಯೊಡನೆ ಕೂಡುತ್ತಾರೆ. ಅಲ್ಲಿಂದ ಅವರ ಬದುಕೇ ಬೇರೆಯಾಗುತ್ತದೆ.

ನಾವು ಹೊರದೇಶದಲ್ಲಿ ಇರುವವರು ನೆನಪಿಡಬೇಕಾದ ಸಂಗತಿಯೊಂದಿದೆ. ಮಲೆನಾಡಿನ ಅಗ್ರಹಾರದ ಈ ಕಥೆ ಮಲೆನಾಡಿನಲ್ಲಿ ಕುಳಿತು ಬರೆದದ್ದಲ್ಲ. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ಬರೆದದ್ದು. ಇಂಗ್ಮಾರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಎಂಬ, ಪ್ಲೇಗಿನ ಕಾಲದ ಸ್ವೀಡಿಷ್ ಚಿತ್ರವನ್ನು ಕೆಳಗೆ ಇಂಗ್ಲಿಷ್ ಅಕ್ಷರಗಳಿಲ್ಲದೆ, ಭಾಷೆ ತಿಳಿಯದೆ ನೋಡಿದ್ದು, ಆಮೇಲೆ ಗುರುಗಳಾದ ಮಾಲ್ಕಮ್ ಬ್ರಾಡ್‌ಬರಿಯವರೊಂದಿಗೆ ಆಡಿದ ಮಾತು ಈ ಕಾದಂಬರಿಗೆ ಕಾರಣವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ದಿನವೆಲ್ಲ ಇಂಗ್ಲಿಷ್ ಮಾತನಾಡಿ ಸಾಕಾಗಿ, ಕನ್ನಡದೊಳಗೆ ಹೋಗಿ ಕೂರಬೇಕೆನ್ನಿಸಿದವನ ಪುಸ್ತಕ ಇದು. ಆ ಸುಸ್ತು ಏನೆಂದು ಇಲ್ಲಿರುವ ನಿಮಗೆ ನಾನು ವಿವರಿಸಬೇಕಾಗಿಲ್ಲ.

ಇನ್ನು ನನ್ನ ಕಸುಬಿನ ದೃಷ್ಟಿಯಿಂದ ಎರಡು ಮಾತು. ಎಂ.ಬಿ.ಬಿ.ಎಸ್. ಓದುವಾಗ ‘ಸಂಸ್ಕಾರ’ವನ್ನು ಎರಡನೆಯ ಸಲ ಓದಿದೆ. ಜ್ವರ, ಗಡ್ಡೆ, ನಾಲ್ಕು ದಿನದಲ್ಲಿ ಸಾವು, ಮನೆಮನೆಯಲ್ಲಿ ಗಿರಗಿರ ತಿರುಗಿ ಬಿದ್ದು ಸಾಯುವ ಇಲಿಗಳು. ಮೈಕ್ರೋಬಯಾಲಜಿ ಪಾಸಾದ ಯಾವ ಹುಡುಗನಾದರೂ ಪ್ಲೇಗ್ ಎಂದು ಹೇಳುತ್ತಾನೆ. ಅಗ್ರಹಾರದವರು ಮಾತ್ರ ಹದ್ದುಗಳು ಮನೆಯ ಮೇಲೆ ಕುಳಿತದ್ದನ್ನು ಅಪಶಕುನವೆಂದು ಓಡಿಸುತ್ತಾರೆ. ಅವರು ನಂಬಿದ್ದು ಮೈಲಿಗೆಯನ್ನು. ಕೊಲ್ಲುತ್ತಿದ್ದದ್ದು ಇಲಿಯ ಮೈಮೇಲಿನ ಚಿಗಟ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಊರು ಬಿಟ್ಟು ಗುಡಿಸಲು ಹಾಕಿಕೊಂಡದ್ದು, ಪ್ಲೇಗಮ್ಮನಿಗೆ ಗುಡಿ ಕಟ್ಟಿದ್ದು ನಮ್ಮ ಹಿರಿಯರ ಬಾಯಲ್ಲಿ ಉಳಿದಿದೆ. ಇಂದು ಸಕಾಲದಲ್ಲಿ ಆಂಟಿಬಯೋಟಿಕ್ ಕೊಟ್ಟರೆ ಗುಣವಾಗುವ ಕಾಯಿಲೆ ಅದು.

ಇದು ನಮ್ಮ ಊರಿನ ಮೂಢನಂಬಿಕೆಯ ಕಥೆ ಎಂದು ತಿಳಿಯಬೇಡಿ. ನಾವು ಕುಳಿತಿರುವ ಈ ಜಾಗದಿಂದ ಒಂದು ಗಂಟೆ ಕಾರಿನಲ್ಲಿ ಹೋದರೆ ಸಿಗುವ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ, 1900ರ ಮಾರ್ಚ್‌ನಲ್ಲಿ, ಹೋಟೆಲೊಂದರ ನೆಲಮಾಳಿಗೆಯಲ್ಲಿ ಚೀನೀ ಕೆಲಸಗಾರನೊಬ್ಬನ ಶವ ಸಿಕ್ಕಿತು. ತೊಡೆಸಂದಿಯಲ್ಲಿ ಗಡ್ಡೆ. ನಗರದವರು ಚೈನಾಟೌನಿನ ಸುತ್ತ ಹಗ್ಗ ಕಟ್ಟಿ ಪೊಲೀಸರನ್ನು ನಿಲ್ಲಿಸಿದರು; ಒಳಗಿದ್ದ ಬಿಳಿಯರನ್ನು ಹೊರಗೆ ಬಿಟ್ಟರು, ಚೀನೀಯರನ್ನು ಬಿಡಲಿಲ್ಲ. ವ್ಯಾಪಾರ ಹಾಳಾಗುತ್ತದೆಂದು ಗವರ್ನರ್ ಹೆನ್ರಿ ಗೇಜ್ ಪ್ಲೇಗ್ ಇಲ್ಲವೇ ಇಲ್ಲ ಎಂದು ವಾದಿಸಿದ. ಶವವನ್ನು ಕೊಯ್ದು ಪರೀಕ್ಷೆ ಮಾಡುತ್ತಾರೆಂದು ಹೆದರಿ ಮನೆಯವರು ರೋಗಿಗಳನ್ನೂ ಸತ್ತವರನ್ನೂ ಬಚ್ಚಿಟ್ಟರು. ಹೊರದೇಶದಲ್ಲಿ ಸತ್ತರೂ ಮೂಳೆಗಳಾದರೂ ಹುಟ್ಟೂರಿಗೆ ಸೇರಬೇಕೆಂದು ಆಸೆಪಡುತ್ತಿದ್ದ ಜನ ಅವರು. 1904ರ ಹೊತ್ತಿಗೆ 121 ಮಂದಿಗೆ ರೋಗ ತಗಲಿ 119 ಮಂದಿ ಸತ್ತಿದ್ದರು. ಕಾಯಿಲೆ ಬಂದಾಗ ಮೊದಲು ಹುಟ್ಟುವ ಪ್ರಶ್ನೆ ‘ಹೇಗೆ ಗುಣಪಡಿಸುವುದು’ ಎಂಬುದಲ್ಲ, ‘ಇವನು ಯಾರವನು’ ಎಂಬುದು. ದೂರ್ವಾಸಪುರದಲ್ಲೂ ಅದೇ, ಇಲ್ಲೂ ಅದೇ.

ಈಗ ಓದುಗರ ಕಡೆಗೆ ಬರೋಣ. ‘ಸಂಸ್ಕಾರ’ಕ್ಕೆ ಬಂದಷ್ಟು ಬಗೆಬಗೆಯ ಪ್ರತಿಕ್ರಿಯೆ ಕನ್ನಡದ ಇನ್ನೊಂದು ಕಾದಂಬರಿಗೆ ಬಂದಿರಲಾರದು. ಮಾಧ್ವ ಸಮಾಜದ ಹಲವರು ಇದು ನಮಗೆ ಮಾಡಿದ ಅವಮಾನ ಎಂದರು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಚಿತ್ರ ಮಾಡಿದಾಗ – ಗಿರೀಶ ಕಾರ್ನಾಡರು ಆಚಾರ್ಯರು, ಪಿ. ಲಂಕೇಶರು ನಾರಣಪ್ಪ, ಸ್ನೇಹಲತಾ ರೆಡ್ಡಿಯವರು ಚಂದ್ರಿ – ಸೆನ್ಸಾರ್ ಮಂಡಳಿ ಅದನ್ನು ಮೊದಲು ತಡೆಯಿತು. ಆಮೇಲೆ ಬಿಡುಗಡೆಯಾಗಿ ಅದೇ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಶಿಕಾಗೋದಲ್ಲಿದ್ದ ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ 1976ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಈ ದೇಶದ ಕಾಲೇಜುಗಳಲ್ಲೂ ಅದು ಪಾಠವಾಯಿತು. ಮರುವರ್ಷ ವಿ.ಎಸ್. ನೈಪಾಲ್ ತಮ್ಮ ಭಾರತದ ಪುಸ್ತಕದಲ್ಲಿ ಆಚಾರ್ಯರನ್ನು ಎತ್ತಿಕೊಂಡು, ಹಿಂದೂ ಮನಸ್ಸಿಗೆ ‘ನಾನು’ ಎಂಬುದೇ ಗಟ್ಟಿಯಾಗಿಲ್ಲ ಎಂಬುದಕ್ಕೆ ಸಾಕ್ಷಿ ಮಾಡಿದರು. ಸ್ತ್ರೀವಾದಿಗಳು ಕೇಳಿದರು: ಆಚಾರ್ಯರಿಗೆ ಜ್ಞಾನೋದಯವಾಗಲೆಂದು ಚಂದ್ರಿಯನ್ನು ಬಳಸಿಕೊಂಡದ್ದೇ ಹೊರತು ಅವಳಿಗೆ ಏನಾಯಿತು?

ನಮ್ಮ ಮನೆಯ ಪ್ರತಿಕ್ರಿಯೆಯನ್ನೂ ಹೇಳಿಬಿಡುತ್ತೇನೆ. ನಮ್ಮ ತಂದೆ ಶಿವಮೊಗ್ಗ ಜಿಲ್ಲೆಯಲ್ಲಿ ಹೈಸ್ಕೂಲು ಮೇಷ್ಟ್ರು. ಅವರ ‘ಸಂಸ್ಕಾರ’ಕ್ಕೆ ಸದಾ ಹಳೆಯ ಪತ್ರಿಕೆಯ ಹೊದಿಕೆ ಇರುತ್ತಿತ್ತು, ಅಜ್ಜಿಯ ಕಣ್ಣಿಗೆ ಬೀಳಬಾರದೆಂದು. ಪಿ.ಯು.ಸಿ. ರಜೆಯಲ್ಲಿ ನಾನು ಕದ್ದು ಓದಿದೆ. ಏನನ್ನು ಹುಡುಕುತ್ತಾ ಓದಿದೆ ಎಂದು ಈ ಸಭೆಯಲ್ಲಿ ಹೇಳುವುದಿಲ್ಲ, ನನ್ನ ಮಗಳು ಮುಂದಿನ ಸಾಲಿನಲ್ಲೇ ಕುಳಿತಿದ್ದಾಳೆ. ಅಪ್ಪನಿಗೆ ಗೊತ್ತಾಯಿತು. ಬೈಯಲಿಲ್ಲ. “ಇನ್ನೊಂದು ಇಪ್ಪತ್ತು ವರ್ಷ ಬಿಟ್ಟು ಮತ್ತೆ ಓದು” ಎಂದರು.

ಫ್ರೀಮಾಂಟಿನ ಆ ಸಂಜೆಗೆ ಬರುತ್ತೇನೆ. ಹದಿನಾಲ್ಕು ಜನ ಇದ್ದೆವು. ಜೋರು ಚರ್ಚೆ. ಆಚಾರ್ಯರು ಅಗ್ರಹಾರಕ್ಕೆ ವಾಪಸು ಹೋಗಿ ಎಲ್ಲರ ಮುಂದೆ ಸತ್ಯ ಹೇಳುತ್ತಾರೋ ಇಲ್ಲವೋ? ಕಾದಂಬರಿ ಅವರನ್ನು ದಾರಿಯ ನಡುವೆಯೇ ಬಿಟ್ಟು ಮುಗಿಯುತ್ತದಲ್ಲ. ಒಬ್ಬರು, “ನಾವೂ ಹಾಗೇ ಸ್ವಾಮಿ, ವಾಪಸು ಹೋಗುತ್ತೇವೆ ಹೋಗುತ್ತೇವೆ ಎನ್ನುತ್ತಾ ಗಾಡಿಯಲ್ಲೇ ಕೂತಿದ್ದೇವೆ” ಎಂದು ನಗಿಸಿದರು. ಆಗ ಸನಿವೇಲಿನ ಯುವ ಮಿತ್ರರೊಬ್ಬರು ಕೇಳಿದರು: “ಕೊನೆಗೆ ಆ ಹೆಣವನ್ನು ಸುಟ್ಟವರು ಯಾರು?”

ಎಲ್ಲರೂ ಮುಖ ಮುಖ ನೋಡಿಕೊಂಡೆವು. ಸುಡಲೇ ಇಲ್ಲ, ಕೊಳೆಯಿತು ಎಂದರು ಒಬ್ಬರು. ಮಠದಿಂದ ಅಪ್ಪಣೆ ಬಂದ ಮೇಲೆ ಸುಟ್ಟಿರಬೇಕು ಎಂದರು ಇನ್ನೊಬ್ಬರು. ನಾನೂ, ಮೂರು ಸಲ ಓದಿದವನು, ಅದು ಇತ್ಯರ್ಥವಾಗದೆ ಉಳಿದ ವಿಷಯ ಎಂದೆ. ಅಡುಗೆಮನೆಯ ಬಾಗಿಲಲ್ಲಿ ಆ ಮನೆಯ ಯಜಮಾನರ ತಾಯಿ ಕುಳಿತಿದ್ದರು, ಹಾಸನದ ಕಡೆಯವರು, ಆರು ತಿಂಗಳಿಗೆಂದು ಮಗನ ಮನೆಗೆ ಬಂದವರು. ಅವರೆಕಾಳು ಹಿಸುಕುತ್ತಿದ್ದವರು ತಲೆಯೆತ್ತದೆ ಹೇಳಿದರು: “ಅಯ್ಯೋ, ಚಂದ್ರಿ ಅಲ್ವೇನ್ರಪ್ಪ? ಆ ಬ್ಯಾರಿ ಗಾಡಿ ತಂದಿದ್ದ. ರಾತ್ರೋರಾತ್ರಿ ಸುಟ್ಟು ಬಂದ್ರು. ನೀವೆಲ್ಲ ಏನು ಓದಿದ್ರಿ?”

ಪುಸ್ತಕ ತೆಗೆದು ನೋಡಿದೆವು. ಹೌದು. ಕೆಲವೇ ಪ್ಯಾರಾಗಳಲ್ಲಿ ಅದು ಆಗಿಹೋಗಿದೆ. ಆಚಾರ್ಯರು ಬಂದು ದಾರಿ ತೋರಿಸುವುದನ್ನು ಚಂದ್ರಿ ಕಾಯುವುದಿಲ್ಲ. ಮೊದಲು ಗಾಡಿಯ ಶೇಷಪ್ಪನನ್ನು ಕೇಳುತ್ತಾಳೆ, ಬ್ರಾಹ್ಮಣನ ಶವ ಮುಟ್ಟಲು ಅವನು ಹೆದರುತ್ತಾನೆ. ಆಮೇಲೆ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ಮನೆಗೆ ಹೋಗುತ್ತಾಳೆ. ಹಿಂದೊಮ್ಮೆ ಕಷ್ಟದಲ್ಲಿದ್ದಾಗ ನಾರಣಪ್ಪ ಸಾಲ ಕೊಟ್ಟ ಉಪಕಾರವನ್ನು ನೆನೆದು ಅವನು ಗಾಡಿ ತರುತ್ತಾನೆ, ಸೌದೆ ತರುತ್ತಾನೆ. ಸದ್ದಿಲ್ಲದೆ ಸ್ಮಶಾನಕ್ಕೆ ಒಯ್ದು ಸುಡುತ್ತಾರೆ. ಅವಳು ಅಳುತ್ತಾಳೆ, ಬಟ್ಟೆಬರೆಯ ಗಂಟು ಎತ್ತಿಕೊಂಡು ಕುಂದಾಪುರದ ಬಸ್ಸಿನ ದಾರಿ ಹಿಡಿಯುತ್ತಾಳೆ. ಅಗ್ರಹಾರದವರಿಗೆ ಇದು ತಿಳಿಯುವುದಿಲ್ಲ. ಅವರು ಮಠಕ್ಕೆ ಹೋಗುತ್ತಾರೆ, ಗುರುಗಳ ಅಪ್ಪಣೆ ಕೇಳುತ್ತಾರೆ. ಇಲ್ಲದ ಶವದ ಬಗ್ಗೆ ಶಾಸ್ತ್ರ ಚರ್ಚೆ ನಡೆದೇ ಇರುತ್ತದೆ.

ಇದನ್ನೇ ನಾನು ಚಿತ್ರದ ಮೂಲೆಯ ಕಿಟಕಿ ಎನ್ನುವುದು. ಮುಂಭಾಗದಲ್ಲಿ ಆಚಾರ್ಯರು ದೊಡ್ಡದಾಗಿ ನಿಂತಿದ್ದಾರೆ, ಅವರ ಸಂಕಟ ನಿಜವಾದದ್ದು. ನಾವೆಲ್ಲ ಅವರನ್ನೇ ನೋಡಿದೆವು: ಬೈದವರೂ ಅವರನ್ನೇ ನೋಡಿದರು, ಹೊಗಳಿದವರೂ ಅವರನ್ನೇ, ನೈಪಾಲರೂ ಅವರನ್ನೇ. ಕಾದಂಬರಿಕಾರರೂ ಚಂದ್ರಿಯನ್ನು ಬಸ್ಸಿನ ದಾರಿಗೆ ಬಿಟ್ಟು ಆಚಾರ್ಯರ ಹಿಂದೆ ನಡೆದರು. ಆದರೆ ಕಿಟಕಿಯನ್ನು ಬರೆದವರು ಅವರೇ ಎಂಬುದನ್ನು ಮರೆಯಬಾರದು. ಅದೇ ಕಿಟಕಿಯಲ್ಲಿ ಇನ್ನೂ ಒಂದು ಕಾಣುತ್ತದೆ. ಕೇರಿಯಲ್ಲೂ ಪ್ಲೇಗಿನಿಂದ ಜನ ಸಾಯುತ್ತಾರೆ, ಅವರನ್ನು ಗುಡಿಸಲಿನ ಸಮೇತ ಸುಟ್ಟುಬಿಡುತ್ತಾರೆ. ಆ ಸಾವುಗಳನ್ನು ಅಗ್ರಹಾರ ಎಣಿಸುವುದೂ ಇಲ್ಲ, ಅವರಿಗಾಗಿ ಯಾರೂ ಗ್ರಂಥ ತಿರುವುವುದಿಲ್ಲ.

ಆ ಸಂಜೆ ಒಬ್ಬ ಹಿರಿಯರು ನನ್ನ ಮಾತನ್ನು ಒಪ್ಪಲಿಲ್ಲ. “ಚಂದ್ರಿಗೆ ಕಟ್ಟಿಹಾಕುವ ಶಾಸ್ತ್ರವಿರಲಿಲ್ಲ, ಅವಳಿಗೆ ಸುಲಭ. ಆಚಾರ್ಯರು ಇಡೀ ಅಗ್ರಹಾರದ ಪರವಾಗಿ ತೀರ್ಮಾನಿಸಬೇಕಿತ್ತು” ಎಂದರು. ಅದರಲ್ಲೂ ನ್ಯಾಯವಿದೆ. ಪ್ರಶ್ನೆ ಕೇಳುವವರಿಲ್ಲದಿದ್ದರೆ ಅಗ್ರಹಾರ ಬದಲಾಗುವುದಿಲ್ಲ. ಆದರೆ ಕತ್ತಲಲ್ಲಿ ಒಬ್ಬಳೇ ಮನೆಮನೆಗೆ ಹೋಗಿ ಬಾಗಿಲು ತಟ್ಟುವುದು ಸುಲಭದ ಕೆಲಸ ಎಂದು ನನಗೆ ಅನ್ನಿಸುವುದಿಲ್ಲ. ಹಾಗೆ ಅನ್ನಿಸದೇ ಇರುವುದಕ್ಕೆ ನನ್ನ ಸ್ವಂತ ಕಾರಣವೊಂದಿದೆ. ಅದನ್ನು ಹೇಳಿ ಮುಗಿಸುತ್ತೇನೆ.

2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯಲ್ಲಿ, ನಮ್ಮ ತಂದೆ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅಮ್ಮನಿಗೂ ಸೋಂಕು, ಮನೆಯಲ್ಲೇ ಮಲಗಿದ್ದರು. ಬೆಂಗಳೂರಿನಲ್ಲಿದ್ದ ನನ್ನ ತಮ್ಮನೂ ಸೋಂಕಿನಿಂದ ಕೋಣೆಯೊಳಗೆ. ಹಿರಿಯ ಮಗನಾದ ನಾನು ಇಲ್ಲಿ ಐ.ಸಿ.ಯು.ನಲ್ಲಿ ಬೇರೆಯವರ ತಂದೆಯರನ್ನು ನೋಡಿಕೊಳ್ಳುತ್ತಿದ್ದೆ. ಆ ರಾತ್ರಿಯಿಂದ ನಾಲ್ಕು ದಿನ ನಮ್ಮ ಮನೆಯವರ ಫೋನ್ ಸಭೆ ನಡೆಯಿತು. ಕರ್ಮ ಮಾಡಬೇಕಾದವರು ಯಾರು? ಹಿರಿಯ ಮಗ ಬರದೆ ಕಿರಿಯ ಮಗ ಮಾಡಬಹುದೇ? ಅವನೂ ಕೋಣೆಯಲ್ಲಿದ್ದರೆ ಚಿಕ್ಕಪ್ಪ? ವಿಡಿಯೋದಲ್ಲಿ ಮಂತ್ರ ಹೇಳಿದರೆ ಸಲ್ಲುತ್ತದೆಯೇ? ಮೂವರು ಪುರೋಹಿತರನ್ನು ಕೇಳಿದೆವು, ಮೂರು ಉತ್ತರ ಬಂತು. ಚಿಕ್ಕಪ್ಪನಿಗೂ ನನಗೂ ಆಗ ಆದ ಮಾತಿನ ಗಾಯ ಇನ್ನೂ ಪೂರ್ತಿ ಮಾಗಿಲ್ಲ.

ಇಷ್ಟೆಲ್ಲ ನಡೆಯುವಾಗ ಅಪ್ಪನ ದೇಹ ಎಲ್ಲಿತ್ತು? ಮೊದಲನೆಯ ದಿನ ಸಂಜೆಯೇ ದಹನವಾಗಿಹೋಗಿತ್ತು. ಆಸ್ಪತ್ರೆಯಿಂದ ಆಂಬುಲೆನ್ಸಿನಲ್ಲಿ ಒಯ್ದು, ಊರಿನ ಸ್ವಯಂಸೇವಕ ಹುಡುಗರು ಸುಟ್ಟು ಮುಗಿಸಿದ್ದರು. ಅದು ನಮಗೆ ಗೊತ್ತಿತ್ತು, ಆದರೆ ಯಾರು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ನಾಲ್ಕು ದಿನದ ಚರ್ಚೆಯಲ್ಲಿ ಆ ಮಾತು ಒಂದು ಸಲವೂ ಬರಲಿಲ್ಲ. ‘ಸಂಸ್ಕಾರ’ವನ್ನು ಮೂರು ಸಲ ಓದಿದವನು ನಾನು.

ಎಂಟು ತಿಂಗಳ ಮೇಲೆ ಊರಿಗೆ ಹೋದಾಗ ಹುಡುಕಿಕೊಂಡು ಹೋದೆ. ಆಂಬುಲೆನ್ಸ್ ಓಡಿಸುತ್ತಿದ್ದ ಹುಡುಗ ಸಿಕ್ಕಿದ. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಅವನಿಗೆ ಇಷ್ಟವಾಗಲಾರದು. ನಮ್ಮ ಜಾತಿಯವನಲ್ಲ, ನಮ್ಮ ಧರ್ಮದವನೂ ಅಲ್ಲ. ಅಪ್ಪನ ಹೆಸರು, ತಾರೀಖು ಹೇಳಿದೆ. ಅವನು ತುಂಬ ಹೊತ್ತು ಯೋಚಿಸಿದ. “ಸರ್, ಸುಳ್ಳು ಹೇಳಬಾರದು. ಆ ದಿನ ಹನ್ನೊಂದು ಜನ ಇದ್ರು. ನಿಮ್ಮ ತಂದೆಯೋರು ಯಾರು ಅಂತ ನೆನಪಿಲ್ಲ. ಚೀಟೀಲಿ ಹೆಸರು ಇರ್ತಿತ್ತಲ್ಲ, ಬೆಂಕಿ ಕೊಡೋ ಮುಂಚೆ ಒಂದ್ಸಲ ಜೋರಾಗಿ ಓದ್ತಿದ್ವಿ. ಎಲ್ಲರಿಗೂ ಹಂಗೇ ಮಾಡಿದ್ವಿ.” ಹಣ ಕೊಡಲು ಹೋದೆ, ಬೇಡ ಎಂದ. ಆಂಬುಲೆನ್ಸಿನ ಟೈರ್ ಸವೆದಿದೆ, ಬೇಕಾದರೆ ಅದನ್ನು ಹಾಕಿಸಿಕೊಡಿ ಎಂದ. ಹಾಕಿಸಿಕೊಟ್ಟೆ.

ಫ್ರೀಮಾಂಟಿನ ಸಂಜೆಯ ನಂತರ ಇದನ್ನೆಲ್ಲ ಅರ್ಜೆಂಟೀನಾದ ನರ್ಸಮ್ಮನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಚಿಕ್ಕಪ್ಪನ ಬಗ್ಗೆ ಹೇಳಿದರು. ಸೇನಾ ಆಡಳಿತದ ಕಾಲದಲ್ಲಿ, 1977ರಲ್ಲಿ, ಕೆಲಸಕ್ಕೆಂದು ಹೋದವರು ಮನೆಗೆ ಬರಲಿಲ್ಲ. ಹಾಗೆ ಕಾಣೆಯಾದವರ ಲೆಕ್ಕ ತೆಗೆಯಲು 1983ರ ಕೊನೆಯಲ್ಲಿ ಅಲ್ಲಿನ ಹೊಸ ಸರ್ಕಾರ ಒಂದು ಆಯೋಗ ಮಾಡಿತು. ಅದರ ಅಧ್ಯಕ್ಷ ಇದೇ ಕಾದಂಬರಿಕಾರ ಸಬಾಟೋ. 1984ರಲ್ಲಿ ಕೊಟ್ಟ ವರದಿಯಲ್ಲಿ ಸುಮಾರು 9,000 ಜನ ಕಾಣೆಯಾದ ದಾಖಲೆ ಇತ್ತು. ಮನುಷ್ಯನ ಒಂಟಿತನದ ಬಗ್ಗೆ ಬರೆದವನು ತನ್ನ ಎಪ್ಪತ್ತನೆಯ ವಯಸ್ಸು ದಾಟಿದ ಮೇಲೆ, ಒಬ್ಬೊಬ್ಬರದೇ ಹೆಸರು ಬರೆಸುತ್ತಾ ಕುಳಿತ. “ನಮಗೆ ಚಿಕ್ಕಪ್ಪನ ದೇಹ ಸಿಗಲಿಲ್ಲ. ನಿಮ್ಮ ತಂದೆಯ ಹೆಸರನ್ನು ಯಾರೋ ಗಟ್ಟಿಯಾಗಿ ಓದಿದರಲ್ಲ ಡಾಕ್ಟರ್” ಎಂದರು ನರ್ಸಮ್ಮ.

ಸ್ನೇಹಿತರೇ, ನಮ್ಮ ಸಂಘದಲ್ಲಿ ನಾವು ಎಷ್ಟೋ ವರ್ಷಗಳಿಂದ ಯುಗಾದಿ, ದೀಪಾವಳಿ, ರಾಜ್ಯೋತ್ಸವ ಮಾಡುತ್ತಾ ಬಂದಿದ್ದೇವೆ. ಊರಿನಲ್ಲಿರುವ ನಮ್ಮ ತಂದೆತಾಯಿಯರಿಗೆ ವಯಸ್ಸಾಗುತ್ತಿದೆ. ಮಧ್ಯರಾತ್ರಿ ಫೋನ್ ಬಂದರೆ ಎದೆ ಹೊಡೆದುಕೊಳ್ಳದವರು ಈ ಸಭೆಯಲ್ಲಿ ಯಾರೂ ಇರಲಾರರು. ನಾವು ಹೋಗಿ ತಲುಪುವ ಮೊದಲೇ ಅಲ್ಲಿ ಯಾರೋ ಒಬ್ಬರು ಬಾಗಿಲು ತಟ್ಟಿರುತ್ತಾರೆ, ಗಾಡಿ ತಂದಿರುತ್ತಾರೆ: ಪಕ್ಕದ ಮನೆಯವರು, ಮನೆಗೆಲಸದವರು, ಆಟೋದವರು. ಕರ್ಮ ಯಾರು ಮಾಡಬೇಕೆಂದು ಚರ್ಚಿಸೋಣ, ಅದು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಮೊದಲನೆಯ ದಿನವೇ ಅವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ನಾನು ಎಂಟು ತಿಂಗಳು ತಡಮಾಡಿದೆ.

‘ಸಂಸ್ಕಾರ’ದ ನಾಲ್ಕು ಪ್ರತಿಗಳನ್ನು ಹಿಂದಿನ ಮೇಜಿನ ಮೇಲೆ ಇಟ್ಟಿದ್ದೇನೆ. ಅದರಲ್ಲಿ ಒಂದಕ್ಕೆ ಹಳೆಯ ಪತ್ರಿಕೆಯ ಹೊದಿಕೆ ಇದೆ. ಅದು ಅಪ್ಪನದು, ಓದಿ ದಯವಿಟ್ಟು ವಾಪಸು ಕೊಡಿ. ಅವರು ಹೇಳಿದ ಇಪ್ಪತ್ತು ವರ್ಷ ದಾಟಿ ಹೋಗಿದೆ. ನಾಲ್ಕನೆಯ ಸಲ ಓದಬೇಕಾಗಿದೆ ನನಗೆ.

ಬಿಸಿಬೇಳೆ ಭಾತು ಆರುವ ಮೊದಲು ಎಲ್ಲರೂ ಊಟಕ್ಕೆ ಏಳೋಣ.